ಸ್ಟೇರಿಂಗ್ ಕೊಳ್ಳುವ ಮೊದಲು ಕುರ್ಚಿ ನೋಡಿ

ಕಂಪ್ಯೂಟರ್‌ನಲ್ಲಿ ರೇಸ್ ಆಡೋಕೆ ಒಂದು ಸ್ಟೇರಿಂಗ್ ವೀಲ್ ತಗೋತೀನಿ ಅಂದಾಗ ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲಿ ಇಡ್ತೀಯ?" ಬೆಲೆ ಎಷ್ಟು ಅಂತ ಕೇಳ್ತಾಳೆ ಅಂದುಕೊಂಡು ಉತ್ತರ ತಯಾರು ಮಾಡಿಟ್ಟುಕೊಂಡಿದ್ದೆ. ಇದಕ್ಕೆ ಉತ್ತರ ಇರಲಿಲ್ಲ. "ಅದೆಲ್ಲ ಆಮೇಲೆ ನೋಡೋಣ ಬಿಡು" ಅಂದೆ. ಮೂರು ವರ್ಷ, ಎರಡು ಸ್ಟೇರಿಂಗ್, ಅಂಚು ಎದ್ದುಹೋದ ಒಂದು ಟೇಬಲ್ ಮತ್ತು ಕೆಳಗಿನ ಮನೆಯವರ ಒಂದು ದೂರು ಆದ ಮೇಲೆ ಒಪ್ಪಿಕೊಳ್ತಿದ್ದೀನಿ, ಮೊದಲು ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು.

ಈಗ ಆಫೀಸಿನಲ್ಲಿ ಯಾರಿಗಾದರೂ ಬೋನಸ್ ಬಂದ ತಕ್ಷಣ ನನ್ನ ಹತ್ತಿರ ಬಂದು "ಯಾವ ವೀಲ್ ತಗೊಳ್ಲಿ ಗುರು?" ಅಂತಾರೆ. ಎಲ್ಲರೂ ವೀಲ್‌ನಿಂದಲೇ ಶುರು ಮಾಡ್ತಾರೆ. ಯಾವ ಆಟ ಆಡ್ತೀಯ, ಎಲ್ಲಿ ಕೂರ್ತೀಯ, ಬ್ರೇಕ್ ಪೆಡಲ್ ಎಂಥದ್ದು, ಇವು ಮೂರು ತೀರ್ಮಾನ ಆದ ಮೇಲೆ ವೀಲ್ ತಾನಾಗೇ ತೀರ್ಮಾನ ಆಗುತ್ತೆ ಅನ್ನೋದು ನನ್ನ ಅಭಿಪ್ರಾಯ. ನಾನು ಇದನ್ನು ಪೂರ್ತಿ ತಿರುಗುಮುರುಗು ಮಾಡಿ ದುಡ್ಡು ಕಳೆದುಕೊಂಡವನು.

ಆರು ಸಾವಿರದ ಆಟಿಕೆ

ನಾನು ಮೊದಲು ತಗೊಂಡಿದ್ದು ಆರು ಸಾವಿರ ಚಿಲ್ಲರೆಯ ಒಂದು ವೀಲ್. ಡಬ್ಬದ ಮೇಲೆ ಕೆಂಪು ಕಾರು, ಬೆಂಕಿ, "ವೈಬ್ರೇಶನ್" ಅನ್ನೋ ದೊಡ್ಡ ಅಕ್ಷರ. ಅದು ಒಟ್ಟು ತಿರುಗುತ್ತಿದ್ದುದು 270 ಡಿಗ್ರಿ, ಅಂದರೆ ಮುಕ್ಕಾಲು ಸುತ್ತು. ಒಳಗೆ ರಬ್ಬರ್ ಪಟ್ಟಿಯ ಹಾಗೆ ಏನೋ ಇತ್ತು. ಎಷ್ಟು ತಿರುಗಿಸಿದರೂ ಅಷ್ಟೇ ಬಲದಲ್ಲಿ ಮಧ್ಯಕ್ಕೆ ಎಳೆಯೋದು. ಕಾರು ಗೋಡೆಗೆ ಗುದ್ದಿದರೆ ಮೊಬೈಲ್ ನಡುಗಿದ ಹಾಗೆ ಗುರ್ ಅನ್ನೋದು. ಅಷ್ಟೇ.

ಆಗ ಗೊತ್ತಿಲ್ಲದಿದ್ದ ಪದ ಫೋರ್ಸ್ ಫೀಡ್‌ಬ್ಯಾಕ್. ನಿಜವಾದ ಕಾರಿನಲ್ಲಿ ತಿರುವಿನಲ್ಲಿ ಮುಂದಿನ ಟೈರುಗಳು ನೆಟ್ಟಗಾಗಲು ಎಳೆಯುತ್ತವೆ, ಆ ಎಳೆತ ಸ್ಟೇರಿಂಗ್ ಮೂಲಕ ಕೈಗೆ ಬರುತ್ತೆ. ಟೈರು ಹಿಡಿತ ಬಿಡುವ ಹೊತ್ತಿಗೆ ಆ ಎಳೆತ ಕಡಿಮೆಯಾಗಿ ಸ್ಟೇರಿಂಗ್ ಹಗುರ ಆಗುತ್ತೆ. ಒಳ್ಳೆ ಸಿಮ್ಯುಲೇಟರ್ ಇದನ್ನೆಲ್ಲ ಸೆಕೆಂಡಿಗೆ ನೂರಾರು ಸಲ ಲೆಕ್ಕ ಹಾಕಿ, ವೀಲ್ ಒಳಗಿನ ಮೋಟಾರಿಗೆ ಹೇಳುತ್ತೆ. ಮೋಟಾರು ನಿಮ್ಮ ಕೈಗೆ ಹೇಳುತ್ತೆ. ನನ್ನ ಆರು ಸಾವಿರದ್ದರಲ್ಲಿ ಹೇಳೋಕೆ ಮೋಟಾರೇ ಇರಲಿಲ್ಲ. ಅದಕ್ಕಿಂತ ಎಕ್ಸ್‌ಬಾಕ್ಸ್‌ನ ಕೈ ಕಂಟ್ರೋಲರ್ ಎಷ್ಟೋ ವಾಸಿ. ಬಜೆಟ್ ಹತ್ತು ಸಾವಿರದ ಒಳಗೇ ಇದ್ದರೆ ದಯವಿಟ್ಟು ಕಂಟ್ರೋಲರ್‌ನಲ್ಲೇ ಆಡಿ, ದುಡ್ಡು ಕೂಡಿಡಿ. ಅವಮಾನ ಏನೂ ಇಲ್ಲ.

ಎರಡನೇ ಸಲ ಬುದ್ಧಿ ಬಂದು, ಫೋರ್ಸ್ ಫೀಡ್‌ಬ್ಯಾಕ್ ಇರುವ, ಮೂರು ಪೆಡಲ್‌ನ ಒಂದು ಸೆಕೆಂಡ್ ಹ್ಯಾಂಡ್ ವೀಲ್ ತಂದೆ. ಕಂಪ್ಯೂಟರ್ ಟೇಬಲ್‌ಗೆ ಕ್ಲಾಂಪ್ ಹಾಕಿ, ಆಫೀಸ್ ಕುರ್ಚಿಯಲ್ಲಿ ಕೂತು ಆಡ್ತಿದ್ದೆ. ಸರಿಯಾಗೇ ಇದೆ ಅನ್ನಿಸಿತ್ತು. ಚಿಕ್ಕಪ್ಪ ಬರುವ ತನಕ.

ಕುರ್ಚಿ ಹಿಂದಕ್ಕೆ ಹೋಯ್ತು

ನಮ್ಮ ಚಿಕ್ಕಪ್ಪ ತೀರ್ಥಹಳ್ಳಿ ಕಡೆ ಇಪ್ಪತ್ತು ವರ್ಷದ ಮೇಲೆ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಉಡುಪಿ, ಮಣಿಪಾಲಕ್ಕೆ ಆಸ್ಪತ್ರೆ ಟ್ರಿಪ್ಪು ಅಂದರೆ ರಾತ್ರಿಯಾಗಲಿ ಮಳೆಯಾಗಲಿ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವು ಇಳಿಯಲೇಬೇಕು. ಒಂದು ಮದುವೆಗೆ ಅಂತ ಬೆಂಗಳೂರಿಗೆ ಬಂದವರು ನಮ್ಮ ಮನೆಯಲ್ಲಿ ಎರಡು ದಿನ ಉಳಿದರು. ರೂಮಿನಲ್ಲಿ ಸ್ಟೇರಿಂಗ್ ನೋಡಿ, "ಎಂಥ ಮಾರಾಯ ಇದು, ಗಾಡಿ ಬಿಟ್ಟು ಬರೀ ಸ್ಟೇರಿಂಗ್ ತಂದಿದ್ದೀಯಲ?" ಅಂದರು. ಕೂರಿಸಿದೆ.

ಅವರಿಗೆ ಅಂತಲೇ ಅಸೆಟ್ಟೊ ಕೋರ್ಸಾದಲ್ಲಿ ಟ್ರೆಂಟೊ-ಬೊಂಡೋನೆ ಹಾಕಿದೆ. ಇಟಲಿಯ ಬೆಟ್ಟ ಹತ್ತುವ ರಸ್ತೆ, 17 ಕಿಲೋಮೀಟರ್ ಚಿಲ್ಲರೆ, ಹೇರ್‌ಪಿನ್ ಮೇಲೆ ಹೇರ್‌ಪಿನ್. ಕಾರು ಪುಟ್ಟ ಅಬಾರ್ತ್ 500. ಡ್ರೈವರ್ ಸೀಟು ಎಡಗಡೆ ಇದ್ದದ್ದಕ್ಕೆ ಮೊದಲ ಬೈಗುಳ ಬಿತ್ತು. ಗೇರ್ ಹಾಕಲು ಸ್ಟೇರಿಂಗ್ ಹಿಂದಿನ ಪ್ಯಾಡಲ್ ತೋರಿಸಿದಾಗ ಮಾತ್ರ ಖುಷಿಯಾದರು. "ನಮ್ಮ ಹಳೇ ಅಂಬಾಸಿಡರ್‌ಗೂ ಗೇರು ಸ್ಟೇರಿಂಗ್ ಪಕ್ಕದಲ್ಲೇ ಇದ್ದದ್ದು. ಈಗಿನವರು ಹೊಸದು ಅಂತಾರೆ."

ಮೊದಲ ದೊಡ್ಡ ತಿರುವು ಬಂತು. ಚಿಕ್ಕಪ್ಪ ಅಂಬಾಸಿಡರ್‌ಗೆ ಹಾಕುವ ಬ್ರೇಕೇ ಹಾಕಿದರು, ಕಾಲಿನ ಪೂರ್ತಿ ಭಾರ ಕೊಟ್ಟು. ಕಾರು ನಿಲ್ಲಲಿಲ್ಲ. ಕುರ್ಚಿಯ ಗಾಲಿ ಉರುಳಿ ಅವರೇ ಹಿಂದಕ್ಕೆ ಹೋಗಿ ಮಂಚಕ್ಕೆ ತಾಗಿದರು. ಪೆಡಲ್ ಸೆಟ್ ಜಾರಿ ಟೇಬಲ್‌ನ ಆ ಕಡೆ ಹೋಯ್ತು. ಟೇಬಲ್ ಅಂಚಿನ ಪ್ಲೈವುಡ್ ಚರ್ ಅಂತು. ಕಾರು ಇಟಲಿಯ ಪ್ರಪಾತದ ಕಡೆ.

ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು. ಚಿಕ್ಕಪ್ಪ ಎದ್ದು ಪಂಚೆ ಸರಿಮಾಡಿಕೊಂಡು ಹೇಳಿದರು: "ಬ್ರೇಕಿಗೆ ಆಧಾರ ಇಲ್ದೆ ಗಾಡಿ ಯಾರು ಓಡಿಸ್ತಾರೆ? ಮೊದಲು ಕೂರೋದು ಸರಿ ಮಾಡ್ಕೋ."

ನಾನು ಮೂರು ತಿಂಗಳು ಅದೇ ಕುರ್ಚಿಯಲ್ಲಿ ಆಡಿದ್ದೆ, ನನಗೆ ಹಾಗೆ ಆಗಿರಲಿಲ್ಲ. ಯಾಕೆ ಅಂತ ಯೋಚಿಸಿದಾಗ ಗೊತ್ತಾಯ್ತು. ಕುರ್ಚಿ ಜಾರದಷ್ಟೇ ಮೆಲ್ಲಗೆ ಬ್ರೇಕ್ ಒತ್ತೋದು ನನಗೆ ಅಭ್ಯಾಸ ಆಗಿಹೋಗಿತ್ತು. ಅಂದರೆ ನನ್ನ ಲ್ಯಾಪ್ ಟೈಮ್ ತೀರ್ಮಾನ ಮಾಡ್ತಿದ್ದುದು ಕುರ್ಚಿಯ ಗಾಲಿ!

ಹಳೇ ಚಪ್ಪಲಿ, ಹಲಗೆ, ಯೋಗ ಮ್ಯಾಟ್

ಅವತ್ತು ಸಂಜೆ ಚಿಕ್ಕಪ್ಪನೇ ನಿಂತು ಮಾಡಿಸಿದ ರಿಪೇರಿಗೆ ಒಂದು ಪೈಸೆ ಖರ್ಚಾಗಲಿಲ್ಲ. ಕುರ್ಚಿಯ ಐದು ಗಾಲಿಗೆ ಹಳೇ ಚಪ್ಪಲಿ ತೊಡಿಸಿದರು. ಪೆಡಲ್ ಸೆಟ್‌ಗೂ ಗೋಡೆಗೂ ನಡುವೆ ಒಂದು ಮರದ ಹಲಗೆ ಅಡ್ಡ ಕೊಟ್ಟರು. ಅಷ್ಟಕ್ಕೇ ನಾನು ಬೇರೆ ಡ್ರೈವರ್ ಆದೆ. ಉತ್ಪ್ರೇಕ್ಷೆ ಅಲ್ಲ, ಒಂದೇ ಜಾಗದಲ್ಲಿ ಪ್ರತಿ ಸಲ ಬ್ರೇಕ್ ಹಿಡಿಯೋಕೆ ಬಂತು.

ಬಾಡಿಗೆ ಮನೆಯಲ್ಲಿ ಇರುವವರಿಗೆ ಜಾಗ ದೊಡ್ಡ ಸಮಸ್ಯೆ. ಟೇಬಲ್‌ಗೆ ಕ್ಲಾಂಪ್ ಹಾಕೋದಾದರೆ ಗಟ್ಟಿ ಹಲಗೆಯ ಟೇಬಲ್ ಬೇಕು. ಒಳಗೆ ಟೊಳ್ಳಿರುವ, ಮೇಲೆ ಲ್ಯಾಮಿನೇಟ್ ಅಂಟಿಸಿದ ಅಗ್ಗದ ಟೇಬಲ್ ಹೆಚ್ಚು ದಿನ ತಡೆಯಲ್ಲ. ಎರಡನೆಯದು ವೀಲ್ ಸ್ಟ್ಯಾಂಡ್, ಮಡಚಿ ಬಾಗಿಲ ಹಿಂದೆ ಇಡಬಹುದು. ಮೂರನೆಯದು ಪ್ಲೇಸೀಟ್ ಚಾಲೆಂಜ್ ಥರದ, ಸೀಟು ಸಮೇತ ಮಡಚುವ ಚೌಕಟ್ಟು. ಮದುವೆಯಾದವರಿಗೆ ನನ್ನ ಶಿಫಾರಸು ಇದೇ, ಯಾಕಂದ್ರೆ ನೆಂಟರು ಬಂದಾಗ ಕಾಣಬಾರದು. ಅಲ್ಯೂಮಿನಿಯಂ ಪ್ರೊಫೈಲ್‌ನ ದೊಡ್ಡ ರಿಗ್ ಎಲ್ಲಕ್ಕಿಂತ ಗಟ್ಟಿ, ಆದರೆ ಅದು ಒಂದು ಮಂಚದಷ್ಟು ಜಾಗ ತಿನ್ನುತ್ತೆ ಮತ್ತು ಮನೆ ಖಾಲಿ ಮಾಡುವಾಗ ನಿಮ್ಮ ಪ್ರಾಣ ತಿನ್ನುತ್ತೆ. ಏರಿಯಾದ ವೆಲ್ಡಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟು ಕಬ್ಬಿಣದ ಚೌಕಟ್ಟು ಮಾಡಿಸಿದ ಗೆಳೆಯ ಒಬ್ಬ ಇದ್ದಾನೆ. ಹಳೇ ಕಾರಿನ ಸೀಟು ಗುಜರಿಯಿಂದ ತಂದು ಕೂರಿಸಿದ. ನೋಡೋಕೆ ಚೆನ್ನಾಗಿಲ್ಲ, ಅಲುಗಾಡಲ್ಲ.

ಪೆಡಲ್ ಕೆಳಗೆ ದಪ್ಪ ಯೋಗ ಮ್ಯಾಟ್ ಅಥವಾ ರಬ್ಬರ್ ಶೀಟು ಹಾಕಿ. ರಾತ್ರಿ ಹನ್ನೊಂದಕ್ಕೆ ಬ್ರೇಕ್ ಒದೆಯುವ ದಡ್ ದಡ್ ಸದ್ದು ಹೆಡ್‌ಫೋನ್ ಹಾಕಿದ ನಿಮಗೆ ಕೇಳಲ್ಲ, ಕೆಳಗಿನ ಮನೆಯವರಿಗೆ ಕೇಳುತ್ತೆ. ನನಗೆ ದೂರು ಬಂದಿದ್ದು ಇದಕ್ಕೇ. ಅವರು ಪಾಪ ಮೇಲೆ ರಾಗಿ ಕುಟ್ಟುತ್ತಾರೆ ಅಂದುಕೊಂಡಿದ್ದರಂತೆ.

ಇನ್ನೊಂದು ಪುಕ್ಕಟೆ ರಿಪೇರಿ ಇದೆ. ಸೆಟ್ಟಿಂಗ್‌ನಲ್ಲಿ ಫೀಲ್ಡ್ ಆಫ್ ವ್ಯೂ ಅಂತಿರುತ್ತೆ, ಪರದೆಯಲ್ಲಿ ಎಷ್ಟು ಅಗಲದ ನೋಟ ಕಾಣಬೇಕು ಅನ್ನೋ ಲೆಕ್ಕ. 24 ಇಂಚಿನ ಮಾನಿಟರ್ ಕಣ್ಣಿನಿಂದ 60 ಸೆಂಟಿಮೀಟರ್ ದೂರ ಇದ್ದರೆ ಸರಿಯಾದ ಅಡ್ಡ ನೋಟ ಬರೀ 48 ಡಿಗ್ರಿ, ಉದ್ದಕ್ಕೆ 28. ಅಸೆಟ್ಟೊ ಕೋರ್ಸಾ ಕೇಳೋದು ಈ ಉದ್ದದ ಲೆಕ್ಕ. ಮೊದಲಿಗೆ ಕಿಟಕಿ ಸಂದಿಯಿಂದ ರಸ್ತೆ ನೋಡಿದ ಹಾಗಿರುತ್ತೆ, ಪಕ್ಕದ ಕಾರು ಕಾಣಲ್ಲ. ಆದರೆ ತಿರುವು ಎಷ್ಟು ದೂರ ಇದೆ ಅನ್ನೋದು ಕಣ್ಣಿಗೆ ಸರಿಯಾಗಿ ಸಿಗೋದು ಆಗಲೇ. ಹೆಚ್ಚು ಅಗಲ ಇಟ್ಟರೆ ವೇಗ ಜಾಸ್ತಿ ಅನ್ನಿಸುತ್ತೆ, ಅಂದಾಜು ತಪ್ಪುತ್ತೆ, ಕೆಲವರಿಗೆ ತಲೆಯೂ ಸುತ್ತುತ್ತೆ. ಪೂರ್ತಿ ಲೆಕ್ಕದಷ್ಟೇ ಇಡಬೇಕಿಲ್ಲ, ಅದರ ಹತ್ತಿರಕ್ಕೆ ತನ್ನಿ. ಮಾನಿಟರ್ ಅನ್ನು ವೀಲ್ ಹಿಂದಕ್ಕೆ ಎಷ್ಟು ಹತ್ತಿರ ತಂದರೆ ಅಷ್ಟು ಒಳ್ಳೇದು.

ಯಾವ ಆಟ ಅನ್ನೋದರ ಮೇಲೆ ಎಲ್ಲ

ಫೋರ್ಜಾ ಹೊರೈಜನ್ ಥರ ಊರೂರು ಸುತ್ತುವ, ಹೊಲದಲ್ಲೂ ಕಾರು ಹಾರಿಸುವ ಆಟವೇ ನಿಮಗಿಷ್ಟ ಆದರೆ ವೀಲ್ ಬೇಡ. ಅದು ಕಂಟ್ರೋಲರ್‌ಗೆ ಅಂತಲೇ ಮಾಡಿದ್ದು. ವೀಲ್‌ನ ರುಚಿ ಗೊತ್ತಾಗೋದು ಸಿಮ್ಯುಲೇಟರ್‌ಗಳಲ್ಲಿ.

ಶುರುಮಾಡಲು ನಾನು ಹೇಳೋದು 2014ರ ಅಸೆಟ್ಟೊ ಕೋರ್ಸಾ. ಇಟಲಿಯ ಕುನೋಸ್ ಸಿಮುಲಾಟ್ಸಿಯೋನಿ ಮಾಡಿದ್ದು. ಸ್ಟೀಮ್ ಸೇಲ್‌ನಲ್ಲಿ ಒಂದು ಬಿರಿಯಾನಿ ದುಡ್ಡಿಗೆ ಸಿಗುತ್ತೆ, ಹಳೇ ಗ್ರಾಫಿಕ್ಸ್ ಕಾರ್ಡ್‌ನಲ್ಲೂ ಓಡುತ್ತೆ, ಅಭಿಮಾನಿಗಳು ಮಾಡಿದ ಕಾರು, ಟ್ರ್ಯಾಕ್‌ಗಳಿಗೆ ಲೆಕ್ಕವೇ ಇಲ್ಲ. 2011ರಿಂದ 2013ರ ತನಕ ಫಾರ್ಮುಲಾ ಒನ್ ನಡೆದ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್ ಕೂಡ ಹೀಗೆ ಸಿಗುತ್ತೆ. ಮೂರೂ ವರ್ಷ ವೆಟಲ್ ಗೆದ್ದ ಟ್ರ್ಯಾಕು. ಟಿಕೆಟ್‌ಗೆ ದುಡ್ಡಿಲ್ಲದೆ ಟಿವಿಯಲ್ಲಿ ನೋಡಿದ ನಮ್ಮಂಥವರಿಗೆ ಆ 5 ಕಿಲೋಮೀಟರ್ ಓಡಿಸೋದೇ ಒಂದು ಸುಖ. ಅದೇ ಕಂಪನಿಯ ಅಸೆಟ್ಟೊ ಕೋರ್ಸಾ ಕಾಂಪೆಟಿಟ್ಸಿಯೋನೆ (2019) ಮುಖ್ಯವಾಗಿ ಜಿಟಿ ರೇಸ್ ಕಾರುಗಳದ್ದು, ಒಳ್ಳೇ ಕಂಪ್ಯೂಟರ್ ಬೇಡುತ್ತೆ. ಒಂದು ಪೈಸೆ ಹಾಕದೆ ನೋಡಬೇಕಂದ್ರೆ ರೇಸ್‌ರೂಮ್ ಇದೆ, ಕೆಲವು ಕಾರು, ಟ್ರ್ಯಾಕು ಪುಕ್ಕಟೆ.

ಐರೇಸಿಂಗ್ ಬೇರೆಯೇ ಲೋಕ. 2008ರಲ್ಲಿ ಶುರುವಾದದ್ದು, ಚಂದಾ ಕಟ್ಟಿ ಆಡಬೇಕು, ಬಹುತೇಕ ಕಾರು, ಟ್ರ್ಯಾಕಿಗೆ ಮತ್ತೆ ದುಡ್ಡು. ಹೊಸಬರು ರೂಕಿ ಲೈಸೆನ್ಸ್‌ನಿಂದ ಶುರು ಮಾಡಿ ಡಿ, ಸಿ, ಬಿ, ಎ ಅಂತ ಹತ್ತಬೇಕು. ಯಾರಿಗಾದರೂ ಗುದ್ದಿದರೆ ಸೇಫ್ಟಿ ರೇಟಿಂಗ್ ಇಳಿಯುತ್ತೆ. ಬೆಂಗಳೂರಿನ ರಸ್ತೆಗೂ ಇದನ್ನು ತರಬೇಕು ಅಂತ ನನ್ನ ಆಸೆ. ಮೊದಲ ಆರು ತಿಂಗಳು ಇದಕ್ಕೆ ಕೈ ಹಾಕಬೇಡಿ. ಇಎಂಐ ಕಟ್ಟುವವರಿಗೆ ಇನ್ನೊಂದು ಇಎಂಐ ಆಗುತ್ತೆ.

ಚಿಕ್ಕಮಗಳೂರಿನ ರ‍್ಯಾಲಿ ನೋಡಿ ಬೆಳೆದವರಿಗೆ ಡರ್ಟ್ ರ‍್ಯಾಲಿ 2.0 ಇದೆ. 2004ರ ರಿಚರ್ಡ್ ಬರ್ನ್ಸ್ ರ‍್ಯಾಲಿಯನ್ನು ಅಭಿಮಾನಿಗಳು ಇಂದಿಗೂ ಜೀವಂತ ಇಟ್ಟಿದ್ದಾರೆ.

ರೇಸೇ ಬೇಡ, ದಿನದ ಸುಸ್ತು ಇಳಿದರೆ ಸಾಕು ಅನ್ನೋರಿಗೆ ಯೂರೋ ಟ್ರಕ್ ಸಿಮ್ಯುಲೇಟರ್ 2. ಜೆಕ್ ದೇಶದ ಎಸ್‌ಸಿಎಸ್ ಸಾಫ್ಟ್‌ವೇರ್ 2012ರಲ್ಲಿ ತಂದದ್ದು. ಲಾರಿ ಹತ್ತಿ, ರೇಡಿಯೋ ಹಾಕಿ, ಮಳೆಯಲ್ಲಿ ಸರಕು ಒಯ್ಯೋದು. ಸ್ಟೇರಿಂಗ್ ಬಲಗಡೆ ಇರುವ ಕ್ಯಾಬಿನ್ ಆರಿಸಿಕೊಂಡು, ಬ್ರಿಟನ್ನಿನಲ್ಲಿ ನಮ್ಮ ಹಾಗೆ ಎಡಗಡೆಯಲ್ಲೇ ಓಡಿಸಬಹುದು. ಚಿಕ್ಕಪ್ಪ ಎರಡನೇ ದಿನ ಮೂರು ಗಂಟೆ ಕೂತದ್ದು ಇದರಲ್ಲಿ. ನಾನು ಆಫೀಸ್ ಕಾಲ್‌ನಲ್ಲಿದ್ದೆ, ಅವರು ಲಂಡನ್ ಹತ್ತಿರ ಎಲ್ಲೋ ಇಂಡಿಕೇಟರ್ ಹಾಕಿ ಕಾಯ್ತಿದ್ದರು. ಈ ಆಟಕ್ಕೆ ಎಚ್ ಮಾದರಿಯ ಗೇರ್ ಲಿವರ್ ಬೇರೆಯಾಗಿ ಕೊಂಡರೆ ಮಜಾ ಹೆಚ್ಚು. ಎಡಗೈ ಕಡೆ ಕ್ಲಾಂಪ್ ಹಾಕಿ, ಅಭ್ಯಾಸದ ಕೈ ಅದೇ.

ಇದು ಮಕ್ಕಳಾಟ ಅಲ್ಲ ಅಂತ ಮನೆಯಲ್ಲಿ ವಾದಿಸಲು ಉದಾಹರಣೆ ಬೇಕೇ? 2011ರಲ್ಲಿ ಗ್ರಾನ್ ಟುರಿಸ್ಮೊ ಆಟದ ಸ್ಪರ್ಧೆ ಗೆದ್ದ ಯಾನ್ ಮಾರ್ಡೆನ್‌ಬರೋ ನಿಜವಾದ ಲೆ ಮಾನ್ಸ್ ರೇಸ್ ಓಡಿಸಿದ. ನಮ್ಮ ಮನೆಯಲ್ಲಿ ಈ ವಾದ ನಡೆಯಲಿಲ್ಲ. "ಅವನಿಗೆ ಆಗ ಹತ್ತೊಂಬತ್ತು ವರ್ಷ" ಅಂದಳು.

ಬ್ರೇಕ್, ಆಮೇಲೆ ಮೋಟಾರು

ಈಗ ದುಡ್ಡಿನ ಮಾತು. ಕಡಿಮೆ ಬೆಲೆಯ ಪೆಡಲ್‌ಗಳು ನಿಮ್ಮ ಕಾಲು ಎಷ್ಟು ದೂರ ಹೋಯ್ತು ಅಂತ ಅಳೆಯುತ್ತವೆ. ಲೋಡ್ ಸೆಲ್ ಇರುವ ಬ್ರೇಕ್, ನೀವು ಎಷ್ಟು ಬಲ ಹಾಕಿದಿರಿ ಅಂತ ಅಳೆಯುತ್ತೆ. ಕಾಲಿಗೆ ನೆನಪಿರೋದು ಬಲ, ದೂರ ಅಲ್ಲ. ಮೆಟ್ಟಿಲ ಮೇಲೆ ಕತ್ತಲಲ್ಲಿ ಒಂದು ಮೆಟ್ಟಿಲು ಕಮ್ಮಿ ಅಂದಾಜು ಮಾಡಿ ಎಡವುತ್ತೀವಲ್ಲ, ದೂರ ನಂಬಿದರೆ ಹಾಗೇ. ರೇಸ್‌ನಲ್ಲಿ ಸೆಕೆಂಡುಗಳು ಉಳಿಯೋದು, ಕಳೆಯೋದು ಬ್ರೇಕ್ ಹಿಡಿಯುವಲ್ಲಿ ಮತ್ತು ಬಿಡುವಲ್ಲಿ. ಹೊಸಬರು ತಿರುವಿನೊಳಗೆ ಹೋದ ಮೇಲೆ ಗಾಬರಿಯಾಗಿ ಬ್ರೇಕ್ ಒತ್ತುತ್ತಾರೆ. ಚಿಕ್ಕಪ್ಪ ಘಾಟಿಯಲ್ಲಿ ಕಲಿತದ್ದು ತಿರುವಿಗೆ ಮುಂಚೆಯೇ ಆ ಕೆಲಸ ಮುಗಿಸೋದು. ಅದಕ್ಕೇ 50 ಸಾವಿರ ಇದ್ದರೆ ಪೂರ್ತಿ ವೀಲ್‌ಗೆ ಸುರಿಯಬೇಡಿ. ವೀಲ್ ಒಂದು ಮೆಟ್ಟಿಲು ಕಡಿಮೆಯದಾದರೂ ಪರವಾಗಿಲ್ಲ, ಉಳಿದದ್ದು ಬ್ರೇಕ್‌ಗೆ, ಸೀಟಿಗೆ ಇರಲಿ.

ವೀಲ್‌ಗಳಲ್ಲಿ ಮೋಟಾರಿನ ಬಲ ಕೈಗೆ ಬರುವ ದಾರಿ ಮೂರು. ಗೇರ್ ಮೂಲಕ ಬರೋದು ಲಾಜಿಟೆಕ್ ಜಿ29, ಜಿ920, ಜಿ923. ಗಟ್ಟಿಮುಟ್ಟು, ಎಲ್ಲ ಕಡೆ ಸಿಗುತ್ತೆ, ರಿಪೇರಿ ವಿಡಿಯೋಗಳೂ ಬೇಕಾದಷ್ಟಿವೆ. ಏರುಪೇರಿನ ರಸ್ತೆಯಲ್ಲಿ ಹಲ್ಲುಗಳ ಕಟಕಟ ಕೇಳುತ್ತೆ. ಜಿ29 ಪ್ಲೇಸ್ಟೇಷನ್‌ಗೂ, ಜಿ920 ಎಕ್ಸ್‌ಬಾಕ್ಸ್‌ಗೂ ಅಂತ ಮಾಡಿದ್ದು, ಕಂಪ್ಯೂಟರ್‌ಗೆ ಎರಡೂ ಒಂದೇ, ಯಾವುದು ಅಗ್ಗವೋ ಅದು. ಬೆಲ್ಟ್ ಮೂಲಕ ಬರೋದು ಥ್ರಸ್ಟ್‌ಮಾಸ್ಟರ್ ಟಿ300. ನುಣುಪು, ಸದ್ದು ಕಡಿಮೆ. ಮೂರನೆಯದು ಡೈರೆಕ್ಟ್ ಡ್ರೈವ್, ಮೋಟಾರಿನ ಶಾಫ್ಟ್‌ಗೇ ವೀಲ್ ಕೂರಿಸಿರುತ್ತಾರೆ. ಮೋಜಾ ಆರ್5, ಫನಾಟೆಕ್ ಸಿಎಸ್ಎಲ್ ಡಿಡಿ ಇಂಥವು.

ಬಲವನ್ನು ನ್ಯೂಟನ್ ಮೀಟರ್‌ನಲ್ಲಿ ಹೇಳ್ತಾರೆ. ವೀಲ್‌ನ ನಡುವಿನಿಂದ 10 ಸೆಂಟಿಮೀಟರ್ ದೂರದಲ್ಲಿ ಒಂದು ಕೆಜಿ ಸಕ್ಕರೆ ಪೊಟ್ಟಣ ನೇತುಹಾಕಿದರೆ ಎಷ್ಟು ತಿರುಚುತ್ತೋ, ಸುಮಾರು ಅಷ್ಟೇ ಒಂದು ನ್ಯೂಟನ್ ಮೀಟರ್. ಜಿ29 ಎರಡರ ಮೇಲೆ ಸ್ವಲ್ಪ, ಆರ್5 ಐದೂವರೆ, ಸಿಎಸ್ಎಲ್ ಡಿಡಿ ಐದು, ದೊಡ್ಡ ಪವರ್ ಸಪ್ಲೈ ಹಾಕಿದರೆ ಎಂಟು. ಐದು ಸಿಕ್ಕರೆ ಮನೆಗೆ ಧಾರಾಳ. ಅದಕ್ಕಿಂತ ಹೆಚ್ಚಿನವು ಮಾಮೂಲಿ ಟೇಬಲ್‌ಗೆ ಹೊಂದಲ್ಲ, ಟೇಬಲ್ಲೇ ಕುಣಿಯುತ್ತೆ. ಡೈರೆಕ್ಟ್ ಡ್ರೈವ್ ಹಾಕಿ ಗೋಡೆಗೆ ಗುದ್ದುವಾಗ ಕೈ ಬಿಟ್ಟುಬಿಡಿ, ಹೆಬ್ಬೆರಳು ಕಡ್ಡಿಯೊಳಗೆ ಸಿಕ್ಕಿದರೆ ಆರ್ಥೋ ಡಾಕ್ಟರ್ ಹತ್ತಿರ ರೇಸ್ ಮುಗಿಯುತ್ತೆ. ಮನೆಯಲ್ಲಿ ಮಕ್ಕಳಿದ್ದರೆ ಬಲ ತೀರಾ ಇಳಿಸಿಡಿ.

ಸಣ್ಣ ಮೋಟಾರಿನವರು ಮಾಡುವ ತಪ್ಪು ಇನ್ನೊಂದಿದೆ. ಫೋರ್ಸ್ ಅನ್ನು ನೂರಕ್ಕೆ ನೂರು ಇಡ್ತಾರೆ. ಉತ್ಸವದ ಮೈಕ್ ಸೆಟ್ ವಾಲ್ಯೂಮ್ ಪೂರ್ತಿ ತಿರುಗಿಸಿದರೆ ಹಾಡು ಒಡೆದು ಎಲ್ಲ ಒಂದೇ ಗದ್ದಲ ಆಗುತ್ತಲ್ಲ, ಇಲ್ಲೂ ಹಾಗೇ. ಮೋಟಾರು ತನ್ನ ಮಿತಿ ಮುಟ್ಟಿದ ಮೇಲೆ ಸಣ್ಣ ಸೂಚನೆಗಳೆಲ್ಲ ಕಳೆದುಹೋಗುತ್ತವೆ, ಟೈರು ಜಾರುವ ಮುಂಚಿನ ಆ ಹಗುರ ಕೈಗೆ ಬರಲ್ಲ. ಸ್ವಲ್ಪ ಇಳಿಸಿ ನೋಡಿ.

ದರ ಸೇಲ್ ಇದ್ದಾಗ ಒಂದು, ಇಲ್ಲದಾಗ ಇನ್ನೊಂದು. ನಾನು ನೋಡಿದ ಮಟ್ಟಿಗೆ ಗೇರ್‌ನವು 25ರಿಂದ 35 ಸಾವಿರದ ಆಸುಪಾಸು, ಪೆಡಲ್ ಸಮೇತ ಡೈರೆಕ್ಟ್ ಡ್ರೈವ್ 50 ಸಾವಿರ ದಾಟುತ್ತೆ. ದುಬೈಯಿಂದಲೋ ಅಮೆರಿಕದಿಂದಲೋ ಅಣ್ಣ ತರ್ತಾನೆ ಅನ್ನೋರು, ಇಲ್ಲಿ ವಾರಂಟಿ ಸಿಗುತ್ತಾ ಅಂತ ಮೊದಲು ಕೇಳಿ.

ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ಈ ಹವ್ಯಾಸದ ಪುಣ್ಯ. ಲಾಕ್‌ಡೌನ್‌ನಲ್ಲಿ ಕೊಂಡು, ಮಗು ಹುಟ್ಟಿದ ಮೇಲೆ ಮಾರುವವರು ಇದ್ದೇ ಇರ್ತಾರೆ. ಫೋಟೋ ನೋಡಿ ದುಡ್ಡು ಹಾಕಬೇಡಿ, ಮನೆಗೆ ಹೋಗಿ ಪ್ಲಗ್ ಹಾಕಿಸಿ. ಜಿ29 ಥರದವು ಆನ್ ಆದ ತಕ್ಷಣ ತಾವೇ ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿ ಮಧ್ಯಕ್ಕೆ ನಿಲ್ಲುತ್ತವೆ. ಆಗ ಕಿವಿ ಕೊಡಿ, ಜಲ್ಲಿ ಅರೆದ ಸದ್ದು ಬಂದರೆ ಎದ್ದು ಬನ್ನಿ. ವೀಲ್ ನಡುವೆ ಹಿಡಿದು ಅಲ್ಲಾಡಿಸಿ, ಎಷ್ಟು ಸಡಿಲ ಇದೆ ನೋಡಿ. ವಿಂಡೋಸ್‌ನ ಗೇಮ್ ಕಂಟ್ರೋಲರ್ ಸೆಟ್ಟಿಂಗ್ ತೆಗೆದು ಪೆಡಲ್ ನಿಧಾನ ಒತ್ತಿದಾಗ ಪಟ್ಟಿ ನುಣ್ಣಗೆ ಏರಬೇಕು. ಹಾರಿ ಹಾರಿ ಏರಿದರೆ ಒಳಗಿನ ಪೊಟೆನ್ಶಿಯೋಮೀಟರ್ ಕೊಳೆಯಾಗಿದೆ ಅಥವಾ ಸವೆದಿದೆ ಅಂತ. ಕೊಳೆಯಾದರೆ ಕ್ಲೀನ್ ಮಾಡಬಹುದು, ಸವೆದಿದ್ದರೆ ಬದಲಿಸಬೇಕು, ಹೇಗೂ ರೇಟು ಇಳಿಸಲು ಒಳ್ಳೇ ಕಾರಣ.

ನನ್ನದು ಈಗಲೂ ಅದೇ ಸೆಕೆಂಡ್ ಹ್ಯಾಂಡ್ ಗೇರ್ ವೀಲ್. ಚಪ್ಪಲಿ ತೊಟ್ಟ ಕುರ್ಚಿ ಹೋಗಿ ಮಡಚುವ ಸೀಟು ಬಂದಿದೆ, ಬಾಗಿಲ ಹಿಂದೆ ಅದರ ಜಾಗ. ಮುಂದಿನ ಬೋನಸ್‌ಗೆ ಲೋಡ್ ಸೆಲ್ ಬ್ರೇಕ್ ಅಂತ ಬರೆದಿಟ್ಟಿದ್ದೀನಿ. ಹೋದ ವಾರ ಊರಿಂದ ಫೋನು ಬಂದಿತ್ತು. ಅಡಿಕೆ ರೇಟು, ಮಳೆ ಎಲ್ಲ ಆದ ಮೇಲೆ ಚಿಕ್ಕಪ್ಪ ಕೇಳಿದರು, "ಆ ಲಾರಿ ಇದ್ಯಲ್ಲ, ನಾನು ಅರ್ಧ ದಾರಿಗೆ ಬಿಟ್ಟು ಬಂದದ್ದು, ಆ ಲೋಡು ಮುಟ್ಟಿಸಿದ್ಯಾ?"